ಹಳೆಯ ಹಿಂದಿ ಚಿತ್ರಗಳನ್ನು ಪೂರ್ತಿಯಾಗಿ ಮನೆಗೆ ಕೊಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಊಟ ಆದ ಮೇಲೆ ಮೊಮ್ಮಗಳನ್ನು ಟೀವಿ ಮುಂದೆ ಕೂರಿಸಿಕೊಂಡು 1950ರ ದಶಕದ ಒಂದು ಹಿಂದಿ ಚಿತ್ರ ಹಾಕಿದೆ. ಕಪ್ಪು ಬಿಳುಪಿನದು. ಅವಳಿಗೆ ಹತ್ತು ವರ್ಷ. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ, "ತಾತ, ಇವರಿಗೆಲ್ಲಾ ಅರ್ಧ ತಲೆ ಯಾಕೆ?" ಅಂತ ಕೇಳಿದಳು.

ಮಗು ಕೇಳಿದ್ದು ಸರಿಯಾಗಿತ್ತು. ನಾಯಕಿಯ ಹಣೆಯ ಬೊಟ್ಟು ಕಾಣುತ್ತಿತ್ತು, ಅದರ ಮೇಲೆ ಏನೂ ಇಲ್ಲ. ಮುಡಿದ ಹೂವು ಇಲ್ಲ. ಹಾರ್ಮೋನಿಯಂ ನುಡಿಸುವವನ ಮುಖ ಇದೆ, ಬೆರಳಿಲ್ಲ. ನಾನು ಆ ಚಿತ್ರವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಆ ಬೆರಳುಗಳು ಎಲ್ಲಿದ್ದವು ಅಂತ ನನಗೆ ಗೊತ್ತು. ಹೇಗೆ ಓಡಾಡುತ್ತಿದ್ದವು ಅಂತಲೂ ಗೊತ್ತು. ಅವಳಿಗೆ ತೋರಿಸಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು 1986ರಿಂದ 2011ರವರೆಗೆ ಮೈಸೂರಿನ ಒಂಟಿಕೊಪ್ಪಲಿನಲ್ಲಿ ವಿಡಿಯೋ ಲೈಬ್ರರಿ ನಡೆಸಿದವನು. ಹತ್ತಡಿಗೆ ಹನ್ನೆರಡಡಿ ಮಳಿಗೆ. ಮೊದಲು ವಿಎಚ್ಎಸ್ ಕ್ಯಾಸೆಟ್, ಆಮೇಲೆ ವಿಸಿಡಿ, ಕೊನೆಗೆ ಡಿವಿಡಿ. ಕನ್ನಡ ಚಿತ್ರಗಳಷ್ಟೇ ಹಿಂದಿ ಚಿತ್ರಗಳೂ ಹೋಗುತ್ತಿದ್ದವು. ಅದರಲ್ಲೂ ಹಳೆಯವು. ಬುಧವಾರ ರಾತ್ರಿ ರೇಡಿಯೋ ಸಿಲೋನ್‌ನಲ್ಲಿ ಗೀತಮಾಲಾ ಕೇಳಿ ಬೆಳೆದ ಜನ ನಮ್ಮೂರಿನಲ್ಲಿ ಜಾಸ್ತಿ ಅಲ್ವಾ? ಹಾಡು ಕಿವಿಯಲ್ಲಿತ್ತು, ಚಿತ್ರ ನೋಡಿರಲಿಲ್ಲ. ಅದನ್ನು ಹುಡುಕಿಕೊಂಡು ಬರುತ್ತಿದ್ದರು.

ತಲೆ ಯಾಕೆ ಅರ್ಧ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಆ ಕಾಲದ ಚಿತ್ರಗಳ ಚೌಕಟ್ಟು ಹೆಚ್ಚು ಕಡಿಮೆ ಚೌಕ. ಎತ್ತರ ಒಂದಾದರೆ ಅಗಲ 1.37. ಈಗಿನ ಟೀವಿ ಅಗಲ, ಹದಿನಾರಕ್ಕೆ ಒಂಬತ್ತು. ಹಳೆಯ ಚಿತ್ರವನ್ನು ಸರಿಯಾಗಿ ಹಾಕಿದರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರುತ್ತದೆ. ಅದು ಬರಲೇಬೇಕು. ಆದರೆ ಡಿಸ್ಕ್ ಮಾಡುವವರಿಗೆ ಭಯ, "ಟೀವಿ ತುಂಬ ಬರ್ತಿಲ್ಲ" ಅಂತ ಜನ ವಾಪಸ್ ತರುತ್ತಾರೆ ಅಂತ. ಅದಕ್ಕೆ ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸುತ್ತಾರೆ. ಲೆಕ್ಕ ಹಾಕಿದರೆ ಚಿತ್ರದ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು. ಕತ್ತರಿಸದಿದ್ದವರು ಎಳೆದು ಅಗಲ ಮಾಡುತ್ತಾರೆ, ಆಗ ಎಲ್ಲರ ಮುಖವೂ ಊದಿಕೊಂಡಿರುತ್ತದೆ. ನನ್ನ ಅಂಗಡಿಗೂ ಕಪ್ಪು ಪಟ್ಟಿಯ ದೂರು ಬರುತ್ತಿತ್ತು. ಕೌಂಟರ್ ಮೇಲೆ ಒಂದು ರಟ್ಟು ಇಟ್ಟುಕೊಂಡು ಎರಡು ನಿಮಿಷ ವಿವರಿಸಿದರೆ ಯಾರೂ ಜಗಳ ಮಾಡಲಿಲ್ಲ. ಜನರಿಗೆ ಅರ್ಥವಾಗುತ್ತದೆ. ಹೇಳುವವರು ಬೇಕು, ಅಷ್ಟೆ.

ಸರಸ್ವತಿಪುರಂನಿಂದ ಒಬ್ಬರು ಹಿಂದಿ ಮೇಷ್ಟ್ರು ಬರುತ್ತಿದ್ದರು. ಆಗಲೇ ರಿಟೈರ್ ಆಗಿದ್ದರು. ಅವರ ಮನೆಯವರಿಗೆ ಹಿಂದಿ ಅಷ್ಟು ಬಾರದು, ಹಾಡುಗಳ ಉರ್ದು ಪದಗಳಂತೂ ದೂರದ ಮಾತು. ಮೇಷ್ಟ್ರು ಕ್ಯಾಸೆಟ್ ಒಯ್ದವರು ವಾಪಸ್ ಕೊಡುವಾಗ ಡಬ್ಬಿಯೊಳಗೆ ಒಂದು ಚೀಟಿ ಬಿಟ್ಟಿರುತ್ತಿದ್ದರು. ಪರೀಕ್ಷೆಯ ಹಾಳೆಯ ಹಿಂಬದಿ, ನೀಲಿ ಇಂಕು, ದುಂಡನೆಯ ಅಕ್ಷರ. ಹಾಡಿನ ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ. ಮೊದಲ ಸಲ ಮರೆತು ಬಿಟ್ಟಿದ್ದಾರೆ ಅಂದುಕೊಂಡು ತೆಗೆದಿಟ್ಟೆ. "ಇರಲಿ ಬಿಡಿ, ಮುಂದಿನವರಿಗೂ ಆಗುತ್ತೆ" ಅಂದರು. ಆಮೇಲೆ ಗಿರಾಕಿಗಳು "ಚೀಟಿ ಇರೋ ಕ್ಯಾಸೆಟ್ ಕೊಡಿ" ಅಂತ ಕೇಳುವ ಹಾಗಾಯಿತು. ಕೆ.ಆರ್. ಆಸ್ಪತ್ರೆಯ ಒಬ್ಬ ನರ್ಸ್ ಆ ಚೀಟಿಗಳನ್ನು ಒಂದು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದರು.

ಕ್ಯಾಸೆಟ್ ಕಾಪಾಡುವುದು ಸುಲಭವಿರಲಿಲ್ಲ. ಆಷಾಢದ ಗಾಳಿ, ಜಿಟಿಜಿಟಿ ಮಳೆ ಶುರುವಾದರೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬೂದಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಹಾಗೇ ವಿಸಿಆರ್‌ಗೆ ಹಾಕಿದರೆ ಹೆಡ್ ಹಾಳು. ಅದೇ ಮೆಷಿನ್ನಿಗೆ ಹಾಕಿದ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಐದು ಸ್ಕ್ರೂ ಬಿಚ್ಚಬೇಕು. ಮುಚ್ಚಳ ಎತ್ತುವಾಗ ಸ್ಪ್ರಿಂಗ್ ಹಾರದ ಹಾಗೆ ಹೆಬ್ಬೆರಳು ಇಟ್ಟಿರಬೇಕು. ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯ ನಡುವೆ ಟೇಪ್ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಹೋಗಬೇಕು. ಮೂರು ಗಂಟೆಯ ಕ್ಯಾಸೆಟ್ ಅಂದರೆ ಕಾಲು ಕಿಲೋಮೀಟರ್ ಟೇಪು. ಅವಸರ ಮಾಡಿದರೆ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದ ಕಡೆ ಹಾಡು ಕುಂಟುತ್ತದೆ. ನನ್ನ ಹೆಂಡತಿ ಈ ಕೆಲಸದಲ್ಲಿ ನನಗಿಂತ ಚೆನ್ನಾಗಿದ್ದಳು. ಹೂ ಕಟ್ಟಿದ ಕೈ ಅದು, ದಾರ ಬಿಗಿಯುವುದು ಎಷ್ಟು ಅಂತ ಗೊತ್ತಿತ್ತು.

ಟೇಪಿನ ಕಥೆ ಇದಾದರೆ ರೀಲಿನ ಕಥೆ ಇನ್ನೂ ಕಷ್ಟದ್ದು. ನನ್ನ ಸೋದರಮಾವ ಮಂಡ್ಯದ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ತಗಡಿನ ಡಬ್ಬ ಸಿಕ್ಕಿತು. ಒಂದು ಹಿಂದಿ ಚಿತ್ರದ ಒಂದೇ ಒಂದು ರೀಲು, ಕಲರ್. ಮುಚ್ಚಳ ತೆಗೆದ ತಕ್ಷಣ ಉಪ್ಪಿನಕಾಯಿ ಕೆಟ್ಟ ಹಾಗೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಫಿಲ್ಮ್ ಅಲೆ ಅಲೆಯಾಗಿ ಸೊಟ್ಟಗಾಗಿತ್ತು. ಬೆಳಕಿಗೆ ಹಿಡಿದರೆ ಆಕಾಶ, ಮರ, ಸೀರೆ ಎಲ್ಲವೂ ಗುಲಾಬಿ. ಹಸಿರು ಇಲ್ಲ, ನೀಲಿ ಇಲ್ಲ. ಬಗ್ಗಿಸಲು ಹೋದೆ, ಒಣ ಎಲೆಯ ಹಾಗೆ ಮುರಿಯಿತು.

ಆ ವಾಸನೆಗೆ ವಿನೆಗರ್ ಸಿಂಡ್ರೋಮ್ ಅಂತ ಹೆಸರು. ಫಿಲ್ಮಿನ ತಳಹದಿ ಅಸಿಟೇಟ್ ಅನ್ನುವ ಪ್ಲಾಸ್ಟಿಕ್. ಸೆಕೆ, ತೇವ ಎರಡೂ ಸೇರಿದರೆ ಅದು ಒಡೆದು ಆಮ್ಲ ಬಿಡುತ್ತದೆ. ಆ ಆಮ್ಲವೇ ಉಳಿದದ್ದನ್ನೂ ಕೊಳೆಸುತ್ತದೆ. ಒಂದು ಡಬ್ಬಕ್ಕೆ ಬಂದರೆ ಪಕ್ಕದ ಡಬ್ಬಕ್ಕೂ ಹರಡುತ್ತದೆ. ಗುಲಾಬಿ ಬಣ್ಣಕ್ಕೆ ಕಾರಣ ಬೇರೆ. ಆ ಕಾಲದ ಕಲರ್ ಪ್ರಿಂಟ್‌ಗಳಲ್ಲಿ ಇದ್ದ ಮೂರು ಬಣ್ಣಗಳಲ್ಲಿ ನೀಲಿ ಹಸಿರಿನ ಛಾಯೆ ಮೊದಲು ಮಾಸುತ್ತದೆ, ಕೆಂಪಿನದು ಉಳಿಯುತ್ತದೆ. ಇನ್ನೂ ಹಿಂದಿನ ನೈಟ್ರೇಟ್ ಫಿಲ್ಮುಗಳು ಇದಕ್ಕಿಂತ ಅಪಾಯ, ಬೆಂಕಿ ಹತ್ತಿಕೊಂಡರೆ ಆರಿಸಲು ಆಗುವುದಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಎಷ್ಟೋ ನೈಟ್ರೇಟ್ ರೀಲುಗಳು ಹೋದವು. ನಮ್ಮ ಮೊದಲ ಮಾತಿನ ಚಿತ್ರ 1931ರ ಆಲಂ ಆರಾ. ಅದರ ಒಂದು ಪ್ರತಿಯೂ ಇವತ್ತು ಇಲ್ಲ. ಎಷ್ಟೋ ಕಪ್ಪು ಬಿಳುಪಿನ ರೀಲುಗಳನ್ನು ಒಳಗಿನ ಬೆಳ್ಳಿಗೋಸ್ಕರ ತೂಕಕ್ಕೆ ಮಾರಿದರು.

ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗದೆ ಇದ್ದಿದ್ದರೆ, ಪಿ.ಕೆ. ನಾಯರ್ ಅವರಂಥವರು ಊರೂರು ಅಲೆದು ರೀಲು ಕೂಡಿಹಾಕದೆ ಇದ್ದಿದ್ದರೆ, ಈಗ ಮಾತಾಡಲು ಇಷ್ಟೂ ಇರುತ್ತಿರಲಿಲ್ಲ. ಈಚೆಗೆ ಒಳ್ಳೆಯ ಕೆಲಸ ನಡೆಯುತ್ತಿದೆ, ಅದನ್ನು ಮನಸಾರೆ ಹೇಳಬೇಕು. ಸರ್ಕಾರದ ಫಿಲ್ಮ್ ಹೆರಿಟೇಜ್ ಮಿಷನ್ ಇದೆ. ಮುಂಬೈಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ರೀಲನ್ನು ಬಿಚ್ಚಿ, ತೊಳೆದು, ಅಂಚಿನಲ್ಲಿ ಹರಿದ ಹಲ್ಲುತೂತುಗಳನ್ನು ಕೈಯಲ್ಲಿ ಅಂಟಿಸಿ, ಒಂದೊಂದೇ ಚೌಕವನ್ನು ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ 24 ಚೌಕ. ಎರಡೂವರೆ ಗಂಟೆಯ ಒಂದು ಹಿಂದಿ ಚಿತ್ರ ಅಂದರೆ 2,16,000 ಚೌಕ. ಆಮೇಲೆ ಗೀರು, ಧೂಳು, ನಡುಕ, ಶಬ್ದದ ಚಿಟಪಟ. ಎಲ್ಲೋ ಹತ್ತು ಸೆಕೆಂಡ್ ಕಾಣೆಯಾಗಿದ್ದರೆ ಇನ್ಯಾವುದೋ ದೇಶದಲ್ಲಿರುವ ಪ್ರಿಂಟ್‌ನಿಂದ ತರಬೇಕು. ಕಾಲು ಕಿಲೋಮೀಟರ್ ಟೇಪು ಒರೆಸುವುದಕ್ಕೇ ನಮಗೆ ಒಂದು ಸಂಜೆ ಹಿಡಿಯುತ್ತಿತ್ತು. ಇವರ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ಅಂಥ ಕೆಲಸದ ಫಲವನ್ನು ನಾನು ಕಣ್ಣಾರೆ ನೋಡಿದ್ದು 2025ರ ಆಗಸ್ಟ್‌ನಲ್ಲಿ. ನಿರ್ದೇಶಕ, ನಟ ಗುರುದತ್ ಅವರ ನೂರನೇ ವರ್ಷ. ಅವರು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1925ರ ಜುಲೈ 9ರಂದು. ಅವರ ಚಿತ್ರಗಳನ್ನು ಹೊಸದಾಗಿ ಸರಿಪಡಿಸಿ ಥಿಯೇಟರ್‌ಗಳಲ್ಲಿ ಹಾಕಿದ್ದರು. ಮಗ ಬೆಂಗಳೂರಿನಲ್ಲಿದ್ದಾನೆ, ಪ್ಯಾಸಾ ನೋಡಲು ಕರೆದುಕೊಂಡು ಹೋದ. ನನ್ನ ಅಂಗಡಿಯ ಕ್ಯಾಸೆಟ್ಟಿನಲ್ಲಿ ಆ ಚಿತ್ರ ನನಗೆ ಬಾಯಿಪಾಠ. ಸತ್ತುಹೋದ ಅಂತ ಎಲ್ಲರೂ ಅಂದುಕೊಂಡ ಕವಿ, ತನ್ನದೇ ಸ್ಮರಣೆಯ ಸಭೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನಲ್ಲ, ಹಿಂದಿನಿಂದ ಬೆಳಕು. ಕ್ಯಾಸೆಟ್ಟಿನಲ್ಲಿ ಅದು ಬಿಳಿ ಬಾಗಿಲಿನಲ್ಲಿ ಒಂದು ಕಪ್ಪು ಗೆರೆ, ಉಳಿದದ್ದೆಲ್ಲ ಇದ್ದಿಲು. ಥಿಯೇಟರಿನಲ್ಲಿ ಆ ಕತ್ತಲೆಯೊಳಗೆ ಜನ ಕಂಡರು. ಸಾಲು ಸಾಲು ತಲೆ. ಕಪ್ಪಿನಲ್ಲೂ ಎಷ್ಟು ಬಗೆಯ ಕಪ್ಪು! ಇಪ್ಪತ್ತೈದು ವರ್ಷ ನಾನು ಬಾಡಿಗೆಗೆ ಕೊಟ್ಟಿದ್ದು ಆ ಚಿತ್ರದ ನೆರಳನ್ನು ಮಾತ್ರ ಅಂತ ಅನ್ನಿಸಿ ಗಂಟಲು ಕಟ್ಟಿತು.

ಆ ಬೆಳಕನ್ನು ಮಾಡಿದವರು ಯಾರು ಅಂತ ನಮ್ಮೂರಿನ ಎಷ್ಟು ಜನಕ್ಕೆ ಗೊತ್ತು? ವಿ.ಕೆ. ಮೂರ್ತಿ. 1923ರಲ್ಲಿ ಇದೇ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮರಾ ಕಲಿತು ಮುಂಬೈಗೆ ಹೋದರು. ಭಾರತದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ ಚಿತ್ರ, 1959ರ ಕಾಗಜ್ ಕೇ ಫೂಲ್, ಅವರದೇ ಕ್ಯಾಮರಾ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಕಂಬದ ಹಾಗೆ ಬೆಳಕು ಇಳಿಯುತ್ತದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದಿದ್ದರು. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ನಮ್ಮೂರ ಹುಡುಗ ಹಿಡಿದ ಬೆಳಕನ್ನು ನಮ್ಮೂರ ಮನೆಗಳಲ್ಲಿ ತಲೆ ಕತ್ತರಿಸಿ ನೋಡುವ ಗತಿ ಯಾಕೆ ಅನ್ನುವುದೇ ನನ್ನ ಪ್ರಶ್ನೆ.

ಉತ್ಸವದಲ್ಲಿ ತೋರಿಸಿದರೆ ಕೆಲಸ ಮುಗಿಯಲಿಲ್ಲ. ಇದನ್ನು ಮೈಸೂರಿನವರಿಗೆ ವಿವರಿಸುವುದು ಸುಲಭ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಇಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದಾಗ ಆರ್. ಶಾಮಾಶಾಸ್ತ್ರಿಗಳು ಏನು ಮಾಡಿದರು? ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಓದಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅಚ್ಚಾದ ಮೇಲೆ ಅದು ಎಲ್ಲರದಾಯಿತು. ಗರಿಯನ್ನು ಕಾಪಾಡುವುದು ಒಂದು ಕೆಲಸ, ಅಚ್ಚು ಹಾಕುವುದು ಇನ್ನೊಂದು. ಹಳೆಯ ಚಿತ್ರಗಳ ವಿಷಯದಲ್ಲಿ ಮನೆಗೆ ಬರುವ ಪ್ರತಿಯೇ ಆ ಅಚ್ಚು. ಅಚ್ಚಿನಲ್ಲಿ ಪ್ರತಿ ಪುಟದ ಮೇಲಿನ ನಾಲ್ಕು ಸಾಲು ಕತ್ತರಿಸಿದ್ದರೆ ಯಾರಾದರೂ ಸುಮ್ಮನಿರುತ್ತಿದ್ದರಾ?

ಮಂಥನ್ ಚಿತ್ರದ ಮಾತು ತೆಗೆದುಕೊಳ್ಳಿ. 1976ರದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಮಾಡಿಸಿದ್ದು. ಮುಖ್ಯ ಪಾತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರು. ಕ್ಯಾಮರಾ ಹಿಡಿದವರು ಗೋವಿಂದ ನಿಹಲಾನಿ, ಅವರು ವಿ.ಕೆ. ಮೂರ್ತಿಯವರ ಕೈಕೆಳಗೆ ಪಳಗಿದವರು. ಅದನ್ನು ಚೆನ್ನಾಗಿ ಸರಿಪಡಿಸಿ 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದಲ್ಲಿ ತೋರಿಸಿದರು. ತುಂಬಾ ಸಂತೋಷ. ಆದರೆ ಅದನ್ನು ನೋಡಬೇಕಾದವರು ಬೆಳಿಗ್ಗೆ ಐದೂವರೆಗೆ ಕ್ಯಾನ್ ಹಿಡಿದು ಡೇರಿ ಮುಂದೆ ಸಾಲು ನಿಲ್ಲುವ ಮಂಡ್ಯದ ಹೆಂಗಸರು. ನನ್ನ ಅತ್ತಿಗೆ ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಇವತ್ತಿಗೂ ಹಾಗೆ ನಿಲ್ಲುತ್ತಾರೆ. ಫ್ಯಾಟ್ ಎಷ್ಟು ಬಂತು, ಯಾರು ಅಳತೆಯಲ್ಲಿ ಮೋಸ ಮಾಡಿದರು ಅನ್ನುವ ಮಾತು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಡಿಯಲ್ಲಿ ಕನ್ನಡ ಅಕ್ಷರ ಬರುವ ಒಂದು ಒಳ್ಳೆಯ ಪ್ರತಿ ಅವರ ಟೀವಿಯಲ್ಲಿ ಬಂದರೆ ಊರೆಲ್ಲ ಕೂತು ನೋಡುತ್ತದೆ. ಮೇಷ್ಟ್ರ ಚೀಟಿ ಮಾಡಿದ ಕೆಲಸವನ್ನೇ ನಾನು ಕೇಳುತ್ತಿರುವುದು. ಹಿಂದಿ ಚಿತ್ರಕ್ಕೆ ಇಂಗ್ಲಿಷ್ ಅಕ್ಷರ ಹಾಕುತ್ತಾರೆ, ಕನ್ನಡ ಹಾಕಲು ಏನು ಕಷ್ಟ?

ಸರಿಪಡಿಸುವ ಹೆಸರಿನಲ್ಲಿ ಕೆಡಿಸುವುದೂ ಉಂಟು. ಫಿಲ್ಮಿನ ಮೈಯಲ್ಲಿ ರವೆಯ ಹಾಗೆ ಸಣ್ಣ ಸಣ್ಣ ಕಾಳು ಇರುತ್ತದೆ. ಅದು ಕೊಳೆಯಲ್ಲ, ಚಿತ್ರ ಇರುವುದೇ ಅದರಲ್ಲಿ. ಕೆಲವರು ಕಂಪ್ಯೂಟರಿನಲ್ಲಿ ಅದನ್ನೂ ಉಜ್ಜಿ ತೆಗೆದುಬಿಡುತ್ತಾರೆ. ಆಗ ಮುಖಗಳು ಮೇಣದ ಗೊಂಬೆಯ ಹಾಗೆ ನುಣುಪಾಗುತ್ತವೆ, ಕೆನ್ನೆಯ ಮಚ್ಚೆಯೂ ಮಾಯ. ಕಪ್ಪು ಬಿಳುಪಿಗೆ ಬಣ್ಣ ಬಳಿಯುವುದೂ ನನಗೆ ಸರಿ ಕಾಣುವುದಿಲ್ಲ. ಮೂರ್ತಿಯವರು ನೆರಳಿನಲ್ಲಿ ಬರೆದಿದ್ದನ್ನು ಬಣ್ಣದಲ್ಲಿ ಮುಚ್ಚಿದಂತೆ. ಶಬ್ದವೂ ಹಾಗೇ. ಒಂದೇ ಸ್ಪೀಕರಿಗೆ ಮಾಡಿದ ಹಾಡಿಗೆ ಹೊಸದಾಗಿ ತಬಲಾ ಸೇರಿಸುವವರಿದ್ದಾರೆ. ಹೊಸದು ಬೇಕಾದವರಿಗೆ ಬೇರೆ ಕೊಡಲಿ, ಮೂಲದ್ದನ್ನು ಮೂಲದ ಹಾಗೇ ಕೊಡಲಿ. ಡಬ್ಬಿಯ ಮೇಲೆ, ಆನ್‌ಲೈನ್ ಆದರೆ ಚಿತ್ರದ ವಿವರದಲ್ಲಿ, ಯಾವ ನೆಗೆಟಿವ್‌ನಿಂದ ತೆಗೆದದ್ದು, ಮೂಲ ಎಷ್ಟು ನಿಮಿಷ, ಇದು ಎಷ್ಟು ನಿಮಿಷ ಅಂತ ಬರೆಯಲಿ. ಬಿಸ್ಕತ್ ಪೊಟ್ಟಣದ ಮೇಲೆ ಏನೇನಿದೆ ಅಂತ ಬರೆಯುವುದಿಲ್ಲವೇ, ಹಾಗೆ.

ಆನ್‌ಲೈನ್ ಒಂದನ್ನೇ ನಂಬಿ ಡಿಸ್ಕ್ ನಿಲ್ಲಿಸಬೇಡಿ ಅಂತಲೂ ನನ್ನ ವಿನಂತಿ. ಒಪ್ಪಂದ ಮುಗಿದ ದಿನ ಚಿತ್ರ ಅಲ್ಲಿಂದ ಮಾಯ. ಬೀರುವಿನಲ್ಲಿರುವುದನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಪುಸ್ತಕ ಅಚ್ಚು ಮಾಡಿದವರು ದೇಶದ ದೊಡ್ಡ ಗ್ರಂಥಾಲಯಗಳಿಗೆ ಪ್ರತಿ ಕೊಡಲೇಬೇಕು ಅಂತ 1954ರ ಕಾಯ್ದೆ ಇದೆ. ಸಿನಿಮಾಕ್ಕೂ ಅಂಥದ್ದೊಂದು ಬರಬೇಕು. ಚಿತ್ರ ಬಿಡುಗಡೆಯಾಗಿ 60 ವರ್ಷ ಕಳೆದರೆ ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅಂದರೆ 1950ರ ದಶಕದ ಚಿತ್ರಗಳೆಲ್ಲ ಈಗ ಎಲ್ಲರವು. ಎಲ್ಲರದು ಅಂದಾಗ ಯಾರೂ ದುಡ್ಡು ಹಾಕಲು ಮುಂದೆ ಬರುವುದಿಲ್ಲ, ಅದಕ್ಕೇ ಸರ್ಕಾರದ ದುಡ್ಡಿನಲ್ಲಿ ಸರಿಪಡಿಸಿದ್ದನ್ನು ಜಿಲ್ಲೆಗೊಂದು ಗ್ರಂಥಾಲಯಕ್ಕಾದರೂ ಕಳಿಸಬೇಕು. ಒಂದು ಟೀವಿ, ಹತ್ತು ಕುರ್ಚಿ, ಮನೆಗೆ ಒಯ್ಯಲು ಡಿಸ್ಕ್. ವಿ.ಕೆ. ಮೂರ್ತಿಯವರ ಊರಿನಿಂದ ಶುರು ಮಾಡಲಿ.

ಓದುಗರಿಗೂ ಒಂದು ಮಾತಿದೆ. ಅಟ್ಟದಲ್ಲಿರುವ ಹಳೆಯ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬೇಡಿ. ನಮ್ಮ ರಾಮನಗರದ ಬೆಟ್ಟದಲ್ಲಿ ತೆಗೆದ ಶೋಲೆಯನ್ನೇ ನೋಡಿ. ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರ್‌ನವರು ಒಪ್ಪದೆ ಕೊನೆಯನ್ನೇ ಬದಲಿಸಬೇಕಾಯಿತು. 1975ರಲ್ಲಿ ನಾವು ಥಿಯೇಟರಿನಲ್ಲಿ ನೋಡಿದ್ದು ಆ ಬದಲಾದ ಕೊನೆ. ಮೂಲದ ಕೊನೆ ವಿಡಿಯೋ ಪ್ರತಿಗಳಲ್ಲಿ ಓಡಾಡುತ್ತಿತ್ತು. ಈಗ ಇಂಗ್ಲೆಂಡಿನ ಗೋದಾಮಿನಲ್ಲಿ ಸಿಕ್ಕ ರೀಲುಗಳನ್ನೂ ಸೇರಿಸಿ, ಮೂಲದ ಕೊನೆಯ ಸಮೇತ ಸರಿಪಡಿಸಿ, 2025ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಮೊದಲು ತೋರಿಸಿದರು. ಯಾರ ಮನೆಯ ಬೀರುವಿನಲ್ಲಿ ಯಾವ ದೃಶ್ಯ ಇದೆಯೋ ಹೇಳಲಾಗುವುದಿಲ್ಲ. ಕ್ಯಾಸೆಟ್ಟನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ನೆಲಕ್ಕೆ ತಾಗದ ಒಣ ಜಾಗದಲ್ಲಿಡಿ. ಬೂಷ್ಟು ಕಂಡರೆ ಮೆಷಿನ್ನಿಗೆ ಹಾಕಬೇಡಿ, ಬೇರೆಯದರಿಂದ ದೂರ ಇಡಿ.

ನನ್ನ ಹತ್ತಿರ ಇನ್ನೂ 112 ಕ್ಯಾಸೆಟ್ ಉಳಿದಿವೆ. ನಡೆಯುವ ವಿಸಿಆರ್ ಒಂದಿದೆ. ಮೇಷ್ಟ್ರು ಈಗಿಲ್ಲ, ಆದರೆ ಅವರ ಚೀಟಿಗಳು 37 ಡಬ್ಬಿಗಳಲ್ಲಿ ಹಾಗೇ ಇವೆ. ಊರಿನ ಯಾವ ಗ್ರಂಥಾಲಯವಾದರೂ, ಕಾಲೇಜಾದರೂ ಒಣ ಕೋಣೆಯಲ್ಲಿ ಇಟ್ಟುಕೊಂಡು ಜನರಿಗೆ ತೋರಿಸುತ್ತೇವೆ ಅಂದರೆ ಅಷ್ಟನ್ನೂ ಕೊಡುತ್ತೇನೆ. ಸ್ಕ್ರೂ ಬಿಚ್ಚಿ ಟೇಪು ಒರೆಸುವುದನ್ನು ಕಲಿಯುವ ಹುಡುಗರಿದ್ದರೆ ವಾರಕ್ಕೆ ಎರಡು ದಿನ ಬಂದು ಹೇಳಿಕೊಡುತ್ತೇನೆ. ಪತ್ರಿಕೆಯ ಮೂಲಕ ತಿಳಿಸಿದರೆ ಸಾಕು. ಆಷಾಢಕ್ಕೆ ಮುಂಚೆ ಆದರೆ ಒಳ್ಳೆಯದು.

ಇಂತಿ ನಿಮ್ಮ ಹಳೆಯ ಓದುಗ,
ಒಂಟಿಕೊಪ್ಪಲು, ಮೈಸೂರು